ವಯಸ್ಸಾದ ಕುದುರೆಯನ್ನ ಯಾರ ಕೈಗೆ ಕೊಡೋದು?

ಹಿಂದಿನ ಸಂಚಿಕೆಯಲ್ಲಿ ಮುದಿ ನಾಯಿಗಳ ಆರೈಕೆ ಬಗ್ಗೆ ಬರೆದಿದ್ದೆ, ಅದರ ಮೇಲೆ ಬಂದ ಪತ್ರಗಳಲ್ಲಿ ಕುದುರೆ ಬಗ್ಗೆ ಕೇಳಿದವರೇ ಜಾಸ್ತಿ. ನಮ್ಮ ಕರಾವಳಿಯಲ್ಲಿ ಕುದುರೆ ಕಮ್ಮಿ, ಇದ್ದದ್ದೆಲ್ಲ ಬೀಚಲ್ಲಿ, ಮದುವೆ ದಿಬ್ಬಣದಲ್ಲಿ, ಒಂದೆರಡು ರೈಡಿಂಗ್ ಕ್ಲಾಸಲ್ಲಿ, ಮತ್ತೆ ಆಸೆಯಿಂದ ತಂದು ಸಾಕಿದ ಕೆಲವರ ಮನೆಯಲ್ಲಿ. ಅವಕ್ಕೆ ವಯಸ್ಸಾದಾಗ ಎಂತ ಮಾಡೋದು ಅಂತ ಕೇಳಿದ್ರೆ ಹೇಳ್ಲಿಕ್ಕೆ ಇಲ್ಲಿ ಜನ ಸಿಗೋದು ಕಷ್ಟ. ಹಾಗಾಗಿ ಈ ಸಲ ಪೂರ್ತಿ ಜಾಗ ಕುದುರೆಗೇ.

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮಲ್ಲಿ ಒಂದು ಹೆಣ್ಣು ಕುದುರೆ ಉಂಟು, ಹೆಸರು ಚಂದ್ರಿ, ವಯಸ್ಸು 21. ಮಕ್ಕಳು ಸಣ್ಣವರಿದ್ದಾಗ ಸವಾರಿ ಕಲೀಲಿಕ್ಕೆ ಅಂತ ತಂದದ್ದು. ಈಗ ಮಗ ದುಬೈಯಲ್ಲಿ, ಮಗಳು ಮದುವೆಯಾಗಿ ಹೋದ್ಲು, ನಮ್ಮವರಿಗೆ ಸೊಂಟ ನೋವು, ನನ್ನೊಬ್ಬಳಿಂದ ಲದ್ದಿ ತೆಗೆದು ನೀರು ಹೊತ್ತು ಆಗೋದಿಲ್ಲ. ಬೀಚಲ್ಲಿ ಕುದುರೆ ಸವಾರಿ ನಡೆಸುವ ಒಬ್ಬರು ಬಂದು "ಫ್ರೀಯಾಗಿ ಕೊಡಿ ಅಕ್ಕ, ನಾವು ನೋಡ್ಕೊಳ್ತೇವೆ" ಅಂತಿದ್ದಾರೆ. ಕೊಡ್ಬಹುದಾ? ಇಲ್ಲದಿದ್ರೆ ಒಳ್ಳೆ ಮನೆ ಹುಡುಕೋದು ಹೇಗೆ?
— ಓದುಗರು, ಕಟಪಾಡಿ

ಉತ್ತರ: ಕೊಡ್ಬೇಡಿ. ಆ ಮನುಷ್ಯ ಕೆಟ್ಟವರು ಅಂತ ನಾನು ಹೇಳ್ತಾ ಇಲ್ಲ, ಹೊಟ್ಟೆಪಾಡಿಗೆ ಮಾಡುವವರು, ಆದ್ರೆ ಅವರ ಹತ್ರ ಕುದುರೆ ದುಡಿದ ದಿನ ಅದಕ್ಕೆ ಹುರುಳಿ, ದುಡಿಯದ ದಿನ ಅದು ಖರ್ಚು. 21 ವರ್ಷದ ಕುದುರೆ ಮೆತ್ತಗಿನ ಮರಳಲ್ಲಿ ಬಿಸಿಲಿಗೆ ಜನರನ್ನ ಹೊತ್ಕೊಂಡು ಓಡಾಡಿದ್ರೆ ಕಾಲಿನ ಕೀಲು ನರ ಎಲ್ಲ ಹೋಗ್ಲಿಕ್ಕೆ ಒಂದು ಸೀಸನ್ ಸಾಕು, ಆಮೇಲೆ ಅದನ್ನ ಅವರು ಇನ್ನೊಬ್ಬರಿಗೆ ದಾಟಿಸ್ತಾರೆ, ಅವರು ಮತ್ತೊಬ್ಬರಿಗೆ, ಕೊನೆಗೆ ನಿಮ್ಮ ಚಂದ್ರಿ ಯಾವ ಊರಲ್ಲಿ ಉಂಟು ಅಂತ ಕೇಳಿದ್ರೆ ಯಾರಿಗೂ ಗೊತ್ತಿರೋದಿಲ್ಲ. ಕಾನೂನಿನ ಮಾತೂ ಉಂಟು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ವಯಸ್ಸು, ಕಾಯಿಲೆ, ಗಾಯ ಇಂಥ ಕಾರಣಕ್ಕೆ ಕೆಲಸಕ್ಕೆ ಆಗದ ಪ್ರಾಣಿಯನ್ನ ದುಡಿಸೋದು ಅಪರಾಧ, ಮಾಲೀಕರಾಗಿದ್ದು ದುಡಿಸ್ಲಿಕ್ಕೆ ಬಿಟ್ರೂ ಅಪರಾಧವೇ.

ಇನ್ನೊಂದು, 21 ಅಂದ್ರೆ ಮುಗೀತು ಅಂತ ಅಲ್ಲ. ಚೆನ್ನಾಗಿ ನೋಡ್ಕೊಂಡ ಕುದುರೆ 25ರಿಂದ 30 ವರ್ಷ ಬದುಕ್ತದೆ. ನೀವು ಹುಡುಕ್ತಾ ಇರೋದು ಒಂದೆರಡು ವರ್ಷದ ಜಾಗ ಅಲ್ಲ, ಏಳೆಂಟು ವರ್ಷ ಅವಳನ್ನ ದುಡಿಸದೆ ಸಾಕುವ ಮನೆ. ಅಂಥದ್ದು ಸಿಗೋದಿಲ್ಲ ಅಂತ ಅಲ್ಲ, ಸಿಗ್ಲಿಕ್ಕೆ ತಿಂಗಳುಗಟ್ಟಲೆ ಬೇಕು, ಅಷ್ಟು ಸಮಯ ಇಟ್ಕೊಂಡೇ ಶುರು ಮಾಡಿ.

ಅದಕ್ಕೂ ಮೊದಲು ಒಂದು ಮಾತು ಯೋಚಿಸಿ ಅಂತ ಕೇಳ್ಕೊಳ್ತೇನೆ. ನಿಮ್ಮ ಪತ್ರ ಓದಿದ್ರೆ ನಿಮಗೆ ಕಷ್ಟ ಆಗಿರೋದು ಕೆಲಸದ್ದು, ಚಂದ್ರಿ ಬೇಡ ಅಂತ ಅಲ್ಲ. ಜಾಗ ಉಂಟು, ಲಾಯ ಉಂಟು, ಅವಳಿಗೆ ಗುರುತಿನ ಮನೆ ಅದು. ಬೆಳಿಗ್ಗೆ ಸಂಜೆ ಬಂದು ಲದ್ದಿ ತೆಗೆದು ನೀರು ಹುಲ್ಲು ಹಾಕಿ ಹೋಗುವ ಒಬ್ಬರನ್ನ ಸಂಬಳಕ್ಕೆ ಇಟ್ಟು, ಆ ಸಂಬಳ ಮಗ ಕಳಿಸುವ ಹಾಗಾದ್ರೆ ಅವಳು ಎಲ್ಲಿಗೂ ಹೋಗ್ಬೇಕಾಗಿಲ್ಲ ಅಲ್ವಾ? ನಮ್ಮೂರಲ್ಲಿ ಕಂಬಳದಲ್ಲಿ ಮೆಡಲ್ ತಂದ ಕೋಣ ಓಡುವುದು ನಿಲ್ಲಿಸಿದ ಮೇಲೂ ಅದೇ ಹಟ್ಟಿಯಲ್ಲಿ ಹುರುಳಿ ತಿಂದ್ಕೊಂಡು ಇರೋದನ್ನ ಎಷ್ಟು ಮನೆಯಲ್ಲಿ ನೋಡಿದ್ದೇವೆ, ಯಾರೂ ಅದನ್ನ ಖರ್ಚು ಅಂತ ಲೆಕ್ಕ ಹಾಕೋದಿಲ್ಲ, ನಿಮ್ಮ ಮಕ್ಕಳನ್ನ ಬೀಳಿಸದೆ ಬೆನ್ನ ಮೇಲೆ ಹೊತ್ತವಳಿಗೂ ಅಷ್ಟೇ ಹಕ್ಕು ಉಂಟು.

ಆಗುವುದೇ ಇಲ್ಲ ಅಂತಾದ್ರೆ, ಹುಡುಕೋದನ್ನ ಅವಳನ್ನ ಗೊತ್ತಿರುವವರಿಂದ ಶುರು ಮಾಡಿ. ನಿಮ್ಮ ಮಕ್ಕಳ ಜೊತೆ ಅವಳ ಮೇಲೆ ಸವಾರಿ ಕಲಿತ ಬೇರೆ ಮಕ್ಕಳು ಈಗ ದೊಡ್ಡವರಾಗಿರ್ತಾರೆ, ಅವರಲ್ಲಿ ಯಾರಿಗಾದ್ರೂ ತೋಟ ಇರ್ಬಹುದು. ನಿಮ್ಮ ಪಶುವೈದ್ಯರನ್ನ ಕೇಳಿ, ಯಾರ ಮನೆಯಲ್ಲಿ ಒಂದೇ ಒಂದು ಕುದುರೆ ಒಂಟಿಯಾಗಿ ಉಂಟು ಅಂತ ಅವರಿಗೆ ಗೊತ್ತಿರ್ತದೆ. ಕುದುರೆ ಹಿಂಡಿನ ಪ್ರಾಣಿ, ಒಂಟಿ ಕುದುರೆ ಇದ್ದವರು ಜೊತೆಗೆ ಇನ್ನೊಂದು ಬೇಕು ಅಂತ ಹುಡುಕ್ತಾ ಇರ್ತಾರೆ, ಅವರಿಗೆ ಓಡುವ ಕುದುರೆ ಬೇಡ, ಶಾಂತ ಸ್ವಭಾವದ್ದು ಸಾಕು. ಮರಿ ಕುದುರೆ ತಾಯಿಯ ಹಾಲು ಬಿಟ್ಟಾಗಲೂ ಜೊತೆಗೆ ಒಂದು ಹಿರಿ ಹೆಣ್ಣು ಕುದುರೆ ಇಟ್ರೆ ಮರಿ ಶಾಂತ ಆಗ್ತದೆ. ಘಟ್ಟದ ಮೇಲೆ ಮೂಡಿಗೆರೆ, ಸಕಲೇಶಪುರದ ಎಸ್ಟೇಟಿನವರಲ್ಲಿ ಕುದುರೆ ಆಸೆ ಇದ್ದವರುಂಟು, ಅಲ್ಲಿ ಸೆಕೆಯೂ ಕಮ್ಮಿ. ಆನ್‌ಲೈನಲ್ಲಿ ಮಾತ್ರ "ಫ್ರೀ" ಅಂತ ಹಾಕ್ಬೇಡಿ, ಆ ಒಂದು ಪದ ನೋಡಿ ಮೊದಲು ಫೋನ್ ಮಾಡುವವರು ಬ್ರೋಕರುಗಳು.

ಯಾರಾದ್ರೂ ಒಪ್ಪಿದ್ರೆ ಅವರ ಮನೆಗೆ ಹೋಗಿ. ಒಂದು ಸಲ ಹೇಳಿ ಹೋಗಿ, ಇನ್ನೊಂದು ಸಲ ಹೇಳದೆ ಹೋಗಿ. ಅವರು ಎಂತ ಹೇಳ್ತಾರೆ ಅಂತ ಕೇಳುವುದಕ್ಕಿಂತ ಅಲ್ಲಿರುವ ದನ, ನಾಯಿ, ಕುದುರೆಯನ್ನ ನೋಡಿ. ಪಕ್ಕೆಲುಬು ಕಾಣ್ತದಾ, ಗೊರಸು ಉದ್ದ ಬೆಳೆದು ಸೀಳಿದೆಯಾ, ಬಕೆಟಲ್ಲಿ ನೀರು ಉಂಟಾ, ಆ ನೀರು ಇವತ್ತಿಂದಾ ಮೊನ್ನೆಯದಾ. ಕುದುರೆಗೆ ದಿನಕ್ಕೆ 25ರಿಂದ 40 ಲೀಟರ್ ನೀರು ಬೇಕು, ಸೆಕೆಗಾಲದಲ್ಲಿ ಇನ್ನೂ ಜಾಸ್ತಿ. ಅವರ ಪಶುವೈದ್ಯರು ಯಾರು ಅಂತ ಕೇಳಿ ನಂಬರ್ ತಗೊಂಡು ಆ ಡಾಕ್ಟ್ರಿಗೇ ಫೋನ್ ಮಾಡಿ ಮಾತಾಡಿ. ಮನೆಯವರು ಎಲ್ಲರೂ ಎಲ್ಲಿಗಾದ್ರೂ ಹೋದ್ರೆ ಯಾರು ನೋಡ್ತಾರೆ ಅಂತ ಕೇಳಿ. ಹುಲ್ಲಿನ ಲೆಕ್ಕ ಕೇಳಿ. ಕುದುರೆ ತೂಕದ ನೂರಕ್ಕೆ ಒಂದೂವರೆಯಿಂದ ಎರಡು ಭಾಗ ಒಣ ಮೇವು ದಿನಾ ಬೇಕು, ಅಂದ್ರೆ 400 ಕೆಜಿ ಕುದುರೆಗೆ 6ರಿಂದ 8 ಕೆಜಿ, ವರ್ಷಕ್ಕೆ ಎರಡರಿಂದ ಮೂರು ಟನ್. ಈ ಲೆಕ್ಕ ಹಾಕದವರು ಪ್ರೀತಿಯಿಂದ ಕರ್ಕೊಂಡು ಹೋಗಿ ಆರು ತಿಂಗಳಿಗೆ ಕೈ ಎತ್ತುತ್ತಾರೆ.

ಚಂದ್ರಿಯ ಬಗ್ಗೆ ಒಂದೂ ಮುಚ್ಚಿಡ್ಬೇಡಿ. ಡಾಕ್ಟ್ರ ಹತ್ರ ಹಲ್ಲು, ಕಣ್ಣು, ಕಾಲು, ಎದೆ ಎಲ್ಲ ಪರೀಕ್ಷೆ ಮಾಡಿಸಿ ಬರಹದಲ್ಲಿ ಕೊಡಿ. ಕೆಮ್ಮು ಉಂಟಾ, ಪಟಾಕಿಗೆ ಹೆದರ್ತಾಳಾ, ಗೊರಸು ಎತ್ತುವಾಗ ಕಾಲು ಝಾಡಿಸ್ತಾಳಾ, ಯಾವ ಔಷಧ ನಡೀತಾ ಉಂಟು, ಎಲ್ಲ. ಅದನ್ನ ಓದಿ ಹಿಂದೆ ಸರಿಯುವವರು ಈಗಲೇ ಸರೀಲಿ.

ಕೊಡುವುದು ಅಂತ ಆದ್ರೆ ಮೊದಲು ಪ್ರಯೋಗಕ್ಕೆ ಕಳಿಸಿ, ಸಾಧ್ಯವಾದ್ರೆ ಒಂದು ಮಳೆಗಾಲ ಪೂರ್ತಿ, ಯಾಕಂದ್ರೆ ಡಿಸೆಂಬರಲ್ಲಿ ಎಲ್ಲರ ಲಾಯವೂ ಚೆಂದವೇ, ಜುಲೈಯಲ್ಲಿ ಗೊತ್ತಾಗ್ತದೆ. ಮತ್ತೆ ಸ್ಟಾಂಪ್ ಪೇಪರಲ್ಲಿ ಒಪ್ಪಂದ ಮಾಡಿ. ಸವಾರಿಗೆ, ಬಾಡಿಗೆಗೆ, ಮರಿ ಹಾಕಿಸ್ಲಿಕ್ಕೆ ಬಳಸುವ ಹಾಗಿಲ್ಲ, ಮಾರುವ ಹಾಗಿಲ್ಲ, ಯಾರಿಗೂ ದಾಟಿಸುವ ಹಾಗಿಲ್ಲ, ಸಾಕ್ಲಿಕ್ಕೆ ಆಗದಿದ್ರೆ ಮೊದಲು ನಿಮಗೇ ವಾಪಸ್, ನೀವು ಯಾವಾಗ ಬೇಕಾದ್ರೂ ನೋಡ್ಲಿಕ್ಕೆ ಬರ್ಬಹುದು, ದೊಡ್ಡ ಕಾಯಿಲೆ ಆದ್ರೆ ನಿಮಗೆ ಫೋನ್ ಬರ್ಬೇಕು. ಇಷ್ಟನ್ನ ಬರೆದು ಅದಕ್ಕೆ ಎರಡೂ ಬದಿಯ ಫೋಟೋ, ಹಣೆಯ ಬಿಳಿ ಗುರುತು, ಸುಳಿಗಳು ಎಲ್ಲೆಲ್ಲಿ ಉಂಟು ಅನ್ನೋದೂ ಸೇರಿಸಿ, ನಾಳೆ ಇದೇ ಕುದುರೆ ಅಂತ ತೋರಿಸ್ಲಿಕ್ಕೆ ಬೇಕಾಗ್ತದೆ. ಮೈಕ್ರೋಚಿಪ್ ಹಾಕಿಸಿದ್ರೆ ಇನ್ನೂ ಗಟ್ಟಿ.

ಕೊನೆಗೆ ದುಡ್ಡಿನ ವಿಷಯ. ಸಾಧ್ಯ ಇದ್ರೆ ತಿಂಗಳಿಗೆ ಒಂದಿಷ್ಟು ಅಂತ ಅವರಿಗೆ ಕಳಿಸಿ. "ಕುದುರೆ ಕೊಟ್ಟು ಮೇಲಿಂದ ದುಡ್ಡೂ ಕೊಡೋದಾ?" ಅಂತ ಕೇಳುವವರುಂಟು. ಹೌದು, ಕೊಡೋದು. ಅವಳ ಜವಾಬ್ದಾರಿ ಕೊಟ್ಟ ದಿನ ಮುಗಿಯೋದಿಲ್ಲ, ಮತ್ತೆ ಖರ್ಚು ಹಂಚ್ಕೊಂಡವರು ಹೋಗಿ ನೋಡುವಾಗ ಎದುರಿನವರಿಗೂ ಬೇಜಾರಾಗೋದಿಲ್ಲ.

ಪ್ರಶ್ನೆ: ನಮಗೆ ಹೆಬ್ರಿ ಹತ್ರ ಅಡಿಕೆ ತೋಟ, ಸ್ವಲ್ಪ ಗುಡ್ಡೆ ಜಾಗ ಉಂಟು, ಹಟ್ಟಿಯಲ್ಲಿ ನಾಲ್ಕು ದನ. ಬೆಂಗಳೂರಲ್ಲಿ ನಮ್ಮ ಭಾವನಿಗೆ ಗೊತ್ತಿರುವ ರೈಡಿಂಗ್ ಸ್ಕೂಲಲ್ಲಿ ಒಂದು ವಯಸ್ಸಾದ ಕುದುರೆ ಉಂಟಂತೆ, ಮೊದಲು ರೇಸಲ್ಲಿ ಓಡಿದ್ದಂತೆ, ಯಾರಾದ್ರೂ ಸಾಕ್ತಾರೆ ಅಂದ್ರೆ ಕೊಡ್ತಾರಂತೆ. ನನಗೆ ಮನಸ್ಸುಂಟು. ದನದ ಜೊತೆ ಹಟ್ಟಿಯಲ್ಲೇ ಕಟ್ಟಿ ದನಕ್ಕೆ ಹಾಕುವುದನ್ನೇ ಹಾಕಿದ್ರೆ ಆಗ್ತದಾ?
— ಕೃಷಿಕರು, ಹೆಬ್ರಿ

ಉತ್ತರ: ಮನಸ್ಸು ಇರೋದು ಬಹಳ ದೊಡ್ಡದು, ಇಂಥ ಪತ್ರ ಬಂದ್ರೆ ನನಗೆ ಆ ದಿನ ಇಡೀ ಖುಷಿ. ಆದ್ರೆ ದನಕ್ಕೆ ಹಾಕುವುದನ್ನೇ ಹಾಕಿದ್ರೆ ಆಗೋದಿಲ್ಲ, ಇದು ನೀವು ಮೊದಲು ತಿಳ್ಕೊಳ್ಬೇಕಾದ ವಿಷಯ.

ದನಕ್ಕೆ ನಾಲ್ಕು ಕೋಣೆಯ ಹೊಟ್ಟೆ, ಮೆಲುಕು ಹಾಕ್ತದೆ. ಕುದುರೆಗೆ ಸಣ್ಣದೊಂದು ಹೊಟ್ಟೆ, ಮೆಲುಕು ಇಲ್ಲ, ವಾಂತಿ ಮಾಡ್ಲಿಕ್ಕೂ ಬರೋದಿಲ್ಲ. ತಿಂದದ್ದು ಕೆಟ್ರೆ ಅಥವಾ ಕರುಳಲ್ಲಿ ಸಿಕ್ಕಿಬಿದ್ರೆ ಕಾಲಿಕ್, ಅಂದ್ರೆ ತಡೆಯಲಾಗದ ಹೊಟ್ಟೆನೋವು, ಅದು ಜೋರಾದ್ರೆ ಕುದುರೆ ಗಂಟೆಗಳಲ್ಲಿ ಸಾಯ್ಲೂಬಹುದು. ಹಾಗಾಗಿ ದಿನಕ್ಕೆ ಎರಡು ಹೊತ್ತು ರಾಶಿ ಹಾಕೋದಲ್ಲ, ಸ್ವಲ್ಪ ಸ್ವಲ್ಪ ಹುಲ್ಲು ದಿನ ಇಡೀ ಸಿಗ್ಬೇಕು. ದನದ ಕೆಲವು ಫೀಡಲ್ಲಿ, ಕೋಳಿ ಫೀಡಲ್ಲಿ ಮೋನೆನ್ಸಿನ್ ತರದ ಔಷಧ ಬೆರೆಸಿರ್ತಾರೆ, ದನಕ್ಕೆ ಕೋಳಿಗೆ ಅದರಿಂದ ಉಪಕಾರ, ಕುದುರೆಗೆ ಅದು ಹೃದಯ ಕೆಡಿಸುವ ವಿಷ, ಬಹಳ ಕಮ್ಮಿ ಪ್ರಮಾಣ ಸಾಕು. ಯೂರಿಯಾ ಹಾಕಿದ ಮೇವೂ ಬೇಡ. ಫೀಡಿನ ಚೀಲಕ್ಕೆ ಕುದುರೆಯ ಬಾಯಿ ತಾಗದ ಹಾಗೆ ಬೇರೆ ಕೋಣೆಯಲ್ಲಿ ಇಡಿ.

ಹುಲ್ಲಿನ ವಿಷಯಕ್ಕೆ ಬಂದ್ರೆ, ದನಕ್ಕೆ ಅಂತ ನಾವು ಬೆಳೆಯುವ ನೇಪಿಯರ್, ಸಟೇರಿಯಾ ಇಂಥ ಹುಲ್ಲಲ್ಲಿ ಆಕ್ಸಲೇಟ್ ಜಾಸ್ತಿ, ಅದು ಹೊಟ್ಟೆಯಲ್ಲಿ ಸುಣ್ಣದಂಶವನ್ನ ಹಿಡಿದಿಟ್ಟು ಕುದುರೆಗೆ ಸಿಗದ ಹಾಗೆ ಮಾಡ್ತದೆ. ತಿಂಗಳುಗಟ್ಟಲೆ ಅದನ್ನೇ ತಿಂದ್ರೆ ಕುದುರೆ ತನ್ನ ಮೂಳೆಯಿಂದಲೇ ಸುಣ್ಣ ತೆಗೀತದೆ, ಮುಖದ ಮೂಳೆ ಊದ್ತದೆ, ಕಾಲು ಕುಂಟ್ತದೆ. ಬೂಸ ಜಾಸ್ತಿ ಹಾಕಿದ್ರೂ ಇದೇ ತೊಂದರೆ, ಬೂಸದಲ್ಲಿ ರಂಜಕ ಜಾಸ್ತಿ ಸುಣ್ಣ ಕಮ್ಮಿ. ಗುಡ್ಡೆಯ ಹುಲ್ಲು ಒಳ್ಳೇದು, ಬೈಹುಲ್ಲು ಸ್ವಲ್ಪ ಮಟ್ಟಿಗೆ, ಜೊತೆಗೆ ಘಟ್ಟದ ಮೇಲಿಂದ ಒಣಗಿಸಿದ ಲೂಸರ್ನ್, ಅಂದ್ರೆ ಕುದುರೆ ಮೆಂತೆ ಸೊಪ್ಪು, ತರಿಸ್ಲಿಕ್ಕೆ ಆದ್ರೆ ಸುಣ್ಣದಂಶದ ಚಿಂತೆ ಅರ್ಧ ಕಳೀತದೆ. ಹುರುಳಿ ಬೇಯಿಸಿ ಕೊಡ್ಬಹುದು, ಕೆಲಸ ಇಲ್ಲದ ಕುದುರೆಗೆ ಸ್ವಲ್ಪವೇ ಸಾಕು. ಮಳೆಗಾಲದಲ್ಲಿ ಬೂಸ್ಟು ಹಿಡಿದ ಹುಲ್ಲು ಒಂದು ಹಿಡಿಯೂ ಹಾಕ್ಬೇಡಿ, ದನ ತಿಂದು ಅರಗಿಸ್ಕೊಂಡೀತು, ಕುದುರೆಗೆ ದಮ್ಮು ಬರ್ತದೆ, ಕಾಲಿಕ್ ಬರ್ತದೆ. ಬೇಲಿಯಲ್ಲಿ ಕಣಗಿಲೆ ಇದ್ರೆ ಈಗಲೇ ಕಿತ್ತು ಸುಟ್ಟುಬಿಡಿ, ಅಲ್ಲ ಸುಡ್ಬೇಡಿ, ಹೊಗೆಯೂ ಒಳ್ಳೇದಲ್ಲ, ದೂರ ಹೊಂಡದಲ್ಲಿ ಹೂಳಿ. ಅದರ ಒಂದು ಮುಷ್ಟಿ ಎಲೆ ಒಂದು ಕುದುರೆಗೆ ಸಾಕು, ಒಣಗಿದ್ರೂ ವಿಷ ಹೋಗೋದಿಲ್ಲ.

ವಯಸ್ಸಾದ ಕುದುರೆ ಅಂದಮೇಲೆ ಹಲ್ಲು ನೋಡ್ಲೇಬೇಕು. ಕುದುರೆ ಹಲ್ಲು ವರ್ಷಕ್ಕೆ ಎರಡು ಮೂರು ಮಿಲಿಮೀಟರ್ ಮೇಲೆ ಬರ್ತಾ ಸವೀತಾ ಇರ್ತದೆ, ಕೊನೆಗೊಂದು ದಿನ ಬೇರು ಮುಗಿದು ಉದುರ್ತದೆ. ಒಂದು ಕಡೆ ಸವೆದು ಇನ್ನೊಂದು ಕಡೆ ಚೂಪಾದ್ರೆ ಕೆನ್ನೆ ಕುಯ್ತದೆ. ಹುಲ್ಲನ್ನ ಅಗಿದು ಅಗಿದು ಉಂಡೆ ಮಾಡಿ ಉಗುಳ್ತಾ ಇದ್ರೆ ಹಲ್ಲು ಹೋಗಿದೆ ಅಂತ ಅರ್ಥ. ವರ್ಷಕ್ಕೊಮ್ಮೆಯಾದ್ರೂ ಡಾಕ್ಟ್ರಿಂದ ಅರ ಹಾಕಿಸಿ ಸಮ ಮಾಡಿಸ್ಬೇಕು. ಹಲ್ಲೇ ಇಲ್ಲದ್ದಕ್ಕೆ ಮೇವನ್ನ ಸಣ್ಣಗೆ ಕತ್ತರಿಸಿ ನೆನೆಸಿ ಗಂಜಿಯ ಹಾಗೆ ಮಾಡಿ ದಿನಕ್ಕೆ ನಾಲ್ಕೈದು ಹೊತ್ತು ಕೊಡ್ಬೇಕಾಗ್ತದೆ. ಇದು ಕೆಲಸ, ಮನೆಯವರ ಹತ್ರ ಮೊದಲೇ ಮಾತಾಡಿ.

ಮಳೆ. ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡು ಜಿಲ್ಲೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಹತ್ತಿರ ಬೀಳ್ತದೆ, ಹೆಬ್ರಿ ಅಂದ್ರೆ ಆಗುಂಬೆ ಬುಡ, ಕೇಳುವುದೇ ಬೇಡ. ಗೊಬ್ಬರಕ್ಕೆ ಅಂತ ಸೊಪ್ಪು ಹಾಸಿ ತಿಂಗಳುಗಟ್ಟಲೆ ತುಳಿಸುವ ಹಟ್ಟಿಯಲ್ಲಿ ಕುದುರೆ ನಿಲ್ಲಿಸಿದ್ರೆ ಗೊರಸಿನ ಒಳಗಿನ ಮೆತ್ತಗಿನ ಭಾಗ ಕಪ್ಪಾಗಿ ಕೊಳೆತು ನಾತ ಹೊಡೀತದೆ. ಬೇರೆಯೇ ಲಾಯ ಬೇಕು, 12 ಅಡಿ ಉದ್ದ 12 ಅಡಿ ಅಗಲ, ತಲೆ ಎತ್ತಿದ್ರೆ ತಾಗದಷ್ಟು ಎತ್ತರ, ನೆಲವನ್ನ ಮುರಕಲ್ಲು ಕಟ್ಟಿ ಸ್ವಲ್ಪ ಎತ್ತರಿಸಿ. ಸಿಮೆಂಟ್ ನೆಲ ಆದ್ರೆ ಜಾರ್ತದೆ, ದನಕ್ಕೆ ಹಾಕುವ ರಬ್ಬರ್ ಮ್ಯಾಟ್ ಹಾಕಿ ಮೇಲೆ ಒಣಗಿದ ಮರದ ಹೊಟ್ಟು. ದಿನಾ ಗೊರಸು ಕೆರೆದು ಕ್ಲೀನ್ ಮಾಡ್ಬೇಕು. ಆರೆಂಟು ವಾರಕ್ಕೊಮ್ಮೆ ಗೊರಸು ಕತ್ತರಿಸ್ಬೇಕು, ನಮ್ಮ ಕಡೆ ಆ ಕೆಲಸ ಗೊತ್ತಿದ್ದವರು ಸುಲಭಕ್ಕೆ ಸಿಗೋದಿಲ್ಲ, ಕುದುರೆ ತರುವ ಮೊದಲೇ ಆ ಮನುಷ್ಯನನ್ನ ಹುಡುಕಿ ಇಟ್ಕೊಳ್ಳಿ. ಸವಾರಿ ಇಲ್ಲದ ಕಾರಣ ಲಾಳ ಬೇಕಾಗ್ಲಿಕ್ಕಿಲ್ಲ, ಅದನ್ನ ಗೊರಸು ನೋಡಿ ಅವರು ಹೇಳ್ಲಿ.

ದನದ ಜೊತೆ ಸ್ನೇಹ ಆಗ್ತದೆ, ಅದೇನೂ ತೊಂದರೆ ಇಲ್ಲ, ಹಗಲು ಗುಡ್ಡೆಯಲ್ಲಿ ಒಟ್ಟಿಗೆ ಬಿಡಿ, ದನದ ಕೊಂಬು ಮಾತ್ರ ನೋಡ್ಕೊಳ್ಳಿ.

ಬೆಂಗಳೂರಿಂದ ತರುವ ಮೊದಲು ಗ್ಲಾಂಡರ್ಸ್ ಕಾಯಿಲೆಯ ರಕ್ತ ಪರೀಕ್ಷೆ ಆಗಿದೆಯಾ ಕೇಳಿ, ಅದು ಮನುಷ್ಯರಿಗೂ ಬರುವ ರೋಗ, ಸ್ಯಾಂಪಲ್ಲನ್ನ ಪಶುಸಂಗೋಪನೆ ಇಲಾಖೆಯವರ ಮೂಲಕ ಪರೀಕ್ಷೆ ಮಾಡಿಸ್ಬೇಕು, ದೇಶದ ಮುಖ್ಯ ಲ್ಯಾಬ್ ಹರಿಯಾಣದ ಹಿಸಾರಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ. ಟೆಟನಸ್ ಲಸಿಕೆ, ಹುಚ್ಚುನಾಯಿ ರೋಗದ ಲಸಿಕೆ ಆಗಿರ್ಬೇಕು, ಗಾಡಿಯಲ್ಲಿ ತರ್ಲಿಕ್ಕೆ ಪಶುವೈದ್ಯರ ಆರೋಗ್ಯ ಪತ್ರ ಬೇಕು. ರೇಸ್ ಕುದುರೆಯಾದ್ರೆ ಅದರ ಪಾಸ್‌ಪೋರ್ಟ್, ಅಂದ್ರೆ ಗುರುತು ಲಸಿಕೆ ಎಲ್ಲ ಬರೆದಿರುವ ಪುಸ್ತಕ, ಅದನ್ನೂ ಕೇಳಿ ತಗೊಳ್ಳಿ. ಜೂನ್ ಜುಲೈಯಲ್ಲಿ ತರ್ಬೇಡಿ, ಘಟ್ಟದಲ್ಲಿ ಗುಡ್ಡ ಕುಸಿದು ರೋಡ್ ಬ್ಲಾಕ್ ಆದ್ರೆ ಮುದಿ ಕುದುರೆ ಗಾಡಿಯಲ್ಲಿ ಗಂಟೆಗಟ್ಟಲೆ ನಿಲ್ಬೇಕಾಗ್ತದೆ. ದೀಪಾವಳಿ ಕಳೆದ ಮೇಲೆ ತನ್ನಿ, ಮುಂದಿನ ಮಳೆಯೊಳಗೆ ಅದಕ್ಕೂ ನಿಮಗೂ ಪರಿಚಯ ಆಗ್ತದೆ.

ಪ್ರಶ್ನೆ: ಕುದುರೆಯನ್ನ ಗೋಶಾಲೆಗೆ ಬಿಡ್ಬಹುದಾ? ಕುದುರೆಗೆ ಅಂತ ಆಶ್ರಮ ಎಲ್ಲಾದ್ರೂ ಉಂಟಾ?
— ಓದುಗರು, ಮೂಡುಬಿದಿರೆ

ಉತ್ತರ: ಗೋಶಾಲೆಯವರು ಕರುಣೆಯಿಂದ ಒಪ್ಪಿದ್ರೂ ನಾನು ಬೇಡ ಅಂತೇನೆ, ಮೇಲೆ ಬರೆದ ಮೇವಿನ ಕಾರಣಕ್ಕೆ, ಮತ್ತೆ ನೂರಾರು ದನದ ಮಧ್ಯೆ ಒಂದು ಕುದುರೆಗೆ ಬೇರೆ ಅಡುಗೆ ಬೇರೆ ಚಾಕರಿ ಅವರಿಂದ ಆಗುವ ಮಾತಲ್ಲ. ಕುದುರೆಗಳನ್ನ ನೋಡ್ಕೊಂಡ ಅನುಭವ ಇರುವ ಸಂಸ್ಥೆಗಳುಂಟು: ಬೆಂಗಳೂರಲ್ಲಿ 1991ರಲ್ಲಿ ಶುರುವಾದ ಕ್ಯೂಪಾ, ನೀಲಗಿರಿಯ ಮಸಿನಗುಡಿ ಕಡೆ ಐಪಾನ್, ಮಹಾರಾಷ್ಟ್ರದ ಸಾಂಗ್ಲಿ ಭಾಗದಲ್ಲಿ ಆನಿಮಲ್ ರಾಹತ್. ಆದ್ರೆ ಇವರೆಲ್ಲ ಮೊದಲು ಜಾಗ ಕೊಡೋದು ಗಾಯಗೊಂಡು ಬೀದಿಗೆ ಬಿದ್ದ ಪ್ರಾಣಿಗಳಿಗೆ, ಕೊಡ್ಬೇಕಾದದ್ದೂ ಅವಕ್ಕೇ. ಮನೆಯಲ್ಲಿ ಜಾಗ ಇದ್ದೂ ಬೇಡ ಅಂತ ಕಳಿಸಿದ ಕುದುರೆ ಅಲ್ಲಿ ಒಂದು ಗಾಯದ ಕುದುರೆಯ ಜಾಗ ತಗೊಳ್ತದೆ. ನಿಜವಾಗಿ ದಾರಿ ಇಲ್ಲದಿದ್ರೆ ಮೊದಲು ಫೋನ್ ಮಾಡಿ ಜಾಗ ಉಂಟಾ ಕೇಳಿ, ಒಂದು ಸಲ ಹೋಗಿ ನೋಡಿ, ಖರ್ಚಿಗೆ ನಿಮ್ಮಿಂದ ಎಷ್ಟು ಆಗ್ತದೆ ಅಂತ ನೀವೇ ಮೊದಲು ಹೇಳಿ. ಗೇಟಲ್ಲಿ ಕಟ್ಟಿ ಬರೋದು ಮಾತ್ರ ಯಾವತ್ತೂ ಬೇಡ, ಹಸಿವು ಬಾಯಾರಿಕೆಗೆ ಪ್ರಾಣಿಯನ್ನ ಬಿಟ್ಟುಹೋಗೋದೂ ಅದೇ 11ನೇ ಸೆಕ್ಷನಲ್ಲಿ ಅಪರಾಧ.

ಪ್ರಶ್ನೆ: ನಮ್ಮ ಕುದುರೆಗೆ 28 ವರ್ಷ. ಮೂರು ತಿಂಗಳಿಂದ ಮಲಗಿದ್ರೆ ತಾನಾಗಿ ಏಳ್ಲಿಕ್ಕೆ ಆಗೋದಿಲ್ಲ, ನಾಲ್ಕು ಜನ ಸೇರಿ ಹಗ್ಗ ಹಾಕಿ ಎಬ್ಬಿಸ್ಬೇಕು. ಪಕ್ಕೆಯಲ್ಲಿ ಹುಣ್ಣಾಗಿದೆ. ಡಾಕ್ಟ್ರು ಇಂಜೆಕ್ಷನ್ ಕೊಟ್ಟು ಕಳಿಸುವ ಅಂತಿದ್ದಾರೆ. ಮನೆಯಲ್ಲಿ ಅಮ್ಮ ಪಾಪ ಬರ್ತದೆ ಅಂತ ಅಳ್ತಾರೆ, ಯಾರಾದ್ರೂ ಸಾಕುವವರಿಗೆ ಕೊಟ್ರೆ ನಮ್ಮ ಕೈಯಿಂದ ಆಗ್ಲಿಲ್ಲ ಅಂತ ಆಗ್ತದಲ್ವಾ?
— ಹೆಸರು ಬೇಡ, ಕಾರ್ಕಳ

ಉತ್ತರ: ಇಲ್ಲ, ಈ ಸ್ಥಿತಿಯಲ್ಲಿ ಯಾರಿಗೂ ಕೊಡ್ಬೇಡಿ. ಅದು ಸಾಯೋದನ್ನ ನೀವು ನೋಡದ ಹಾಗೆ ಆಗ್ತದೆ ಅಷ್ಟೇ, ಅದರ ನೋವು ಒಂದು ಚೂರೂ ಕಮ್ಮಿ ಆಗೋದಿಲ್ಲ, ಮೇಲಿಂದ ಗಾಡಿಯ ಕುಲುಕಾಟ, ಗುರುತಿಲ್ಲದ ಜನ, ಗುರುತಿಲ್ಲದ ಜಾಗ.

ಕುದುರೆ ದೊಡ್ಡ ಜೀವ, ಗಂಟೆಗಟ್ಟಲೆ ಒಂದೇ ಮಗ್ಗುಲಲ್ಲಿ ಬಿದ್ರೆ ಅದರದ್ದೇ ಭಾರಕ್ಕೆ ಕೆಳಗಿನ ಸ್ನಾಯು ಸಾಯ್ತದೆ, ಶ್ವಾಸಕೋಶ ಒತ್ತಿಹೋಗ್ತದೆ. ಏಳಲಾಗದ ಕುದುರೆಗೆ ಹೆದರಿಕೆಯೂ ಬಹಳ, ಯಾಕಂದ್ರೆ ಅದು ಓಡಿ ಜೀವ ಉಳಿಸ್ಕೊಳ್ಳುವ ಪ್ರಾಣಿ. ನಿಮ್ಮ ಡಾಕ್ಟ್ರ ಹತ್ರ ಮೂರು ಮಾತು ಕೇಳಿ. ನೋವಿನ ಔಷಧ ಕೊಟ್ಟ ಮೇಲೆ ಅದು ತಾನಾಗಿ ಏಳುವ ಸಾಧ್ಯತೆ ಉಂಟಾ? ತಿನ್ನುವುದರಲ್ಲಿ ಆಸೆ ಉಂಟಾ? ಹುಣ್ಣು ವಾಸಿಯಾಗ್ತದಾ? ಮೂರಕ್ಕೂ ಇಲ್ಲ ಅಂದ್ರೆ ಡಾಕ್ಟ್ರು ಹೇಳಿದ್ದೇ ಸರಿ. ಮೊದಲು ಮಂಪರಿನ ಇಂಜೆಕ್ಷನ್ ಕೊಡ್ತಾರೆ, ಅದು ಶಾಂತ ಆದ ಮೇಲೆ ರಕ್ತನಾಳಕ್ಕೆ ಇನ್ನೊಂದು, ಪ್ರಜ್ಞೆ ಮೊದಲು ಹೋಗಿ ಆಮೇಲೆ ಹೃದಯ ನಿಲ್ತದೆ.

ಅಮ್ಮನಿಗೆ ನನ್ನ ಕಡೆಯಿಂದ ಹೇಳಿ. 28 ವರ್ಷದವರೆಗೆ ಕುದುರೆ ಸಾಕೋದು ಎಲ್ಲರಿಂದ ಆಗೋದಿಲ್ಲಮ್ಮ, ನೀವು ಅದಕ್ಕೆ ಅನ್ನ ಹಾಕಿದ್ದೀರಿ, ಮಳೆಗೆ ಸೂರು ಕೊಟ್ಟಿದ್ದೀರಿ, ಈಗ ನೋವಿಂದ ಬಿಡಿಸೋದೂ ಅದೇ ಚಾಕರಿಯ ಭಾಗ. ಬೇಕಿದ್ರೆ ಅವರು ಒಂದು ಹಿಡಿ ಬೆಲ್ಲ ಕೊಟ್ಟು, ಪ್ರಾರ್ಥನೆ ಮಾಡಿ, ಆಮೇಲೆ ಒಳಗೆ ಹೋಗ್ಲಿ. ನೀವು ಒಬ್ಬರು ತಲೆ ಹತ್ರ ಇರಿ, ಅದಕ್ಕೆ ನಿಮ್ಮ ಸ್ವರ ಗೊತ್ತು.

ಜೆಸಿಬಿಗೆ ಮೊದಲೇ ಹೇಳಿಟ್ಟು ಹೊಂಡ ತಯಾರು ಮಾಡ್ಕೊಳ್ಳಿ, ಬಾವಿಯಿಂದ ತೋಡಿಂದ ದೂರ, ಮೇಲೆ ನಾಲ್ಕೈದು ಅಡಿ ಮಣ್ಣು ಬರುವಷ್ಟು ಆಳ. ಮಳೆಗಾಲದಲ್ಲಿ ನಮ್ಮಲ್ಲಿ ನೀರು ಮೇಲೆ ಬರ್ತದೆ, ಎತ್ತರದ ಜಾಗ ನೋಡಿ, ಪಂಚಾಯತಿಗೆ ಒಂದು ಮಾತು ಹೇಳಿ. ಇಂಜೆಕ್ಷನಿನ ಔಷಧ ದೇಹದಲ್ಲಿ ಉಳೀತದೆ, ನಾಯಿ ಹದ್ದು ತಿಂದ್ರೆ ಅವೂ ಸಾಯ್ತವೆ, ಹಾಗಾಗಿ ಹೂಳದೆ ಬಿಡುವ ಹಾಗಿಲ್ಲ. ಜೊತೆಗೆ ಬೇರೆ ಕುದುರೆ ಇದ್ರೆ ಹೂಳುವ ಮೊದಲು ಅದನ್ನ ಹತ್ರ ಕರ್ಕೊಂಡು ಹೋಗಿ ಮೂಸಿ ನೋಡ್ಲಿಕ್ಕೆ ಬಿಡಿ, ಇಲ್ಲದಿದ್ರೆ ದಿನಗಟ್ಟಲೆ ಕೂಗಿ ಹುಡುಕ್ತದೆ.

ಪ್ರಶ್ನೆ: ನಾನು ಸುರತ್ಕಲ್‌ನಲ್ಲಿ ಓದ್ತಿರುವ ಸ್ಟೂಡೆಂಟ್. ಭಾನುವಾರ ಬೀಚಿಗೆ ಹೋದಾಗ ಒಂದು ಕುದುರೆ ನೋಡಿದೆ, ಪಕ್ಕೆಲುಬು ಎಣಿಸ್ಬಹುದು, ಹಿಂದಿನ ಕಾಲು ಕುಂಟ್ತದೆ, ಆದ್ರೂ ಜನ ಕೂತ್ಕೊಂಡು ಫೋಟೋ ತೆಗೀತಾ ಇದ್ರು. ನಾವು ಫ್ರೆಂಡ್ಸ್ ದುಡ್ಡು ಒಟ್ಟು ಮಾಡಿ ಅದನ್ನ ಕೊಂಡ್ಕೊಂಡು ಬಿಡಿಸ್ಬಹುದಾ?
— ವಿದ್ಯಾರ್ಥಿನಿ, ಸುರತ್ಕಲ್

ಉತ್ತರ: ಕೊಂಡ್ಕೊಳ್ಬೇಡಮ್ಮ. ಕೊಂಡ ಕುದುರೆಯನ್ನ ಹಾಸ್ಟೆಲಲ್ಲಿ ಕಟ್ಲಿಕ್ಕೆ ಆಗೋದಿಲ್ಲ, ಮತ್ತೆ ನಿಮ್ಮ ದುಡ್ಡಲ್ಲಿ ಆ ಜಾಗಕ್ಕೆ ಇನ್ನೊಂದು ಕುದುರೆ ಬರ್ತದೆ. ನಿಮ್ಮಿಂದ ಆಗುವುದು ಬೇರೆ ಉಂಟು, ಅದು ಸಣ್ಣದೇನಲ್ಲ.

ಮೊದಲು ಮಾಲೀಕರ ಹತ್ರ ಮರ್ಯಾದೆಯಿಂದ ಮಾತಾಡಿ. "ಅಣ್ಣ, ಕಾಲಿಗೆ ಎಂತ ಆಯ್ತು, ಡಾಕ್ಟ್ರಿಗೆ ತೋರಿಸ್ಲಿಕ್ಕೆ ನಾವು ಬರ್ಬೇಕಾ?" ಅಂತ ಕೇಳಿ. ಎಷ್ಟೋ ಸಲ ಅವರಿಗೆ ಗೊರಸಿನ ಒಳಗೆ ಕೀವು ಕಟ್ಟಿದ್ದು ಗೊತ್ತಿರೋದಿಲ್ಲ, ಅದನ್ನ ಕೊಯ್ದು ಬಿಟ್ರೆ ಬೇಗ ಗುಣ ಕಾಣ್ತದೆ. 1962ಕ್ಕೆ ಫೋನ್ ಮಾಡಿದ್ರೆ ಸರ್ಕಾರದ ಪಶು ಸಂಜೀವಿನಿ ಗಾಡಿ, ಅಂದ್ರೆ ಸಂಚಾರಿ ಪಶು ಚಿಕಿತ್ಸೆಯವರು ಸಿಗ್ತಾರೆ. ಪಕ್ಕೆಲುಬು ಕಾಣೋದಕ್ಕೆ ಹಸಿವೊಂದೇ ಕಾರಣ ಅಲ್ಲ, ಹಲ್ಲು ಹೋಗಿರ್ಬಹುದು, ಹೊಟ್ಟೆಯಲ್ಲಿ ಹುಳ ಇರ್ಬಹುದು, ನೊಣದಿಂದ ಬರುವ ಸರ್ರಾ ರೋಗ ಇರ್ಬಹುದು, ಇವನ್ನೆಲ್ಲ ಪರೀಕ್ಷೆ ಮಾಡಿದ್ರೇ ಗೊತ್ತಾಗೋದು.

ಮಾತಿಗೆ ಬಗ್ಗದೆ ಕುಂಟುವ ಕುದುರೆಯನ್ನೇ ದುಡಿಸ್ತಾ ಇದ್ರೆ ದಿನ, ಹೊತ್ತು, ಜಾಗ ಗೊತ್ತಾಗುವ ಹಾಗೆ ವಿಡಿಯೋ ಮಾಡಿ, ನಡಿಗೆ ಕಾಣ್ಬೇಕು, ಬರೀ ಮುಖ ಅಲ್ಲ. ಅದರ ಜೊತೆ ಲಿಖಿತ ದೂರನ್ನ ಆ ಭಾಗದ ಪೊಲೀಸ್ ಠಾಣೆಗೆ ಕೊಟ್ಟು ಸ್ವೀಕೃತಿ ತಗೊಳ್ಳಿ, ಪ್ರತಿಯನ್ನ ಪಶುಸಂಗೋಪನೆ ಇಲಾಖೆಯ ಉಪನಿರ್ದೇಶಕರಿಗೆ ಮತ್ತೆ ಜಿಲ್ಲಾ ಪ್ರಾಣಿ ದಯಾ ಸಂಘಕ್ಕೆ ಕಳಿಸಿ. ಇನ್‌ಸ್ಟಾಗ್ರಾಂಗೆ ಹಾಕುವ ಮೊದಲು ಇಷ್ಟು ಮಾಡಿ, ಮೊದಲೇ ಹಾಕಿದ್ರೆ ರಾತ್ರೋರಾತ್ರಿ ಕುದುರೆಯನ್ನ ಬೇರೆ ಊರಿಗೆ ದಾಟಿಸ್ತಾರೆ. 1960ರ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ ಬರೀ 10ರಿಂದ 50 ರೂಪಾಯಿ, ನಾಚಿಕೆಯಾಗುವಷ್ಟು ಕಮ್ಮಿ, ಆದ್ರೆ ಠಾಣೆಯಲ್ಲಿ ದೂರು ದಾಖಲಾದ ಮೇಲೆ ಡಾಕ್ಟ್ರ ಪರೀಕ್ಷೆ ಆಗ್ತದೆ, ಕುದುರೆಗೆ ಬೇಕಾಗಿರೋದು ಅದೇ.

ಮತ್ತೆ ನಿಮ್ಮ ಫ್ರೆಂಡ್ಸ್ ಒಟ್ಟು ಮಾಡಿದ ದುಡ್ಡು ವಾಪಸ್ ಕೊಡ್ಬೇಡಿ. ಮಾಲೀಕರು ಕೆಲಸ ನಿಲ್ಲಿಸ್ಲಿಕ್ಕೆ ಒಪ್ಪಿದ್ರೆ ಮೂರು ತಿಂಗಳ ಮೇವು, ಹಲ್ಲಿಗೆ ಅರ ಹಾಕಿಸುವ ಖರ್ಚು, ಗೊರಸಿನವರ ಕೂಲಿ ಅಂತ ಅದನ್ನ ಇಡಿ, ದುಡ್ಡು ಕೈಗೆ ಕೊಡದೆ ಹುಲ್ಲಿನವರಿಗೆ ಡಾಕ್ಟ್ರಿಗೆ ನೇರ ಕೊಡಿ. ಅಷ್ಟರಲ್ಲಿ ಮೇಲೆ ಬರೆದ ಹೆಬ್ರಿಯವರ ತರದ ಒಂದು ಮನೆ ಹುಡುಕುವ. ನಿಮ್ಮ ಪತ್ರದ ಜೊತೆ ಫೋನ್ ನಂಬರ್ ಇಲ್ಲ, ಪತ್ರಿಕೆಯ ಆಫೀಸಿಗೆ ಕಳಿಸಿ, ಮುಂದಿನ ಭಾನುವಾರದೊಳಗೆ.